ಆರ್ಲೀನ್ ಪೆಲ್ಟೊ ಬರೆದ ನಲವತ್ತೊಂದು ಪುಟ

ಆರ್ಲೀನ್ ಪೆಲ್ಟೊಗೆ ಬೇಸ್‌ಬಾಲ್ ಎಂದರೆ ಅಷ್ಟಕ್ಕಷ್ಟೆ. ಇಬ್ಬರು ಆಡುತ್ತಿರುತ್ತಾರೆ, ಎಂಟು ಜನ ನಿಂತು ನೋಡುತ್ತಿರುತ್ತಾರೆ, ಮಿಕ್ಕವರು ಬೆಂಚಿನ ಮೇಲೆ ಕೂತು ಏನನ್ನೋ ಅಗಿಯುತ್ತಿರುತ್ತಾರೆ ಎಂಬುದು ಆಕೆಯ ಅಭಿಪ್ರಾಯ. ಅಂಥವಳು ನೆಗೌನಿ ಎಂಬ ಸಣ್ಣ ಊರಿನ ಕಾಗದದ ಬೇಸ್‌ಬಾಲ್ ಲೀಗಿಗೆ ಒಂಬತ್ತು ವರ್ಷದಿಂದ ಅಧ್ಯಕ್ಷೆ. ಅಧ್ಯಕ್ಷೆ ಆದದ್ದೂ ಅದೇ ಕಾರಣಕ್ಕೆ.

ಲೀಗು ಎಂದರೆ ಎಂಟು ಜನ. ಪ್ರತಿ ಮಾರ್ಚ್ ಕೊನೆಗೆ ಜೀನೋ ಬೆರ್ಟೂಚಿಯ ಬಾರಿನಲ್ಲಿ ಸೇರಿ, ದೇಶದ ದೊಡ್ಡ ತಂಡಗಳಲ್ಲಿ ನಿಜವಾಗಿ ಆಡುವ ಆಟಗಾರರನ್ನು ಸರದಿಯ ಪ್ರಕಾರ ಹೆಸರು ಹಿಡಿದು ಹಂಚಿಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೂ ಕಾಗದದ ಮೇಲೆ ಒಂದು ತಂಡ. ಡೆಟ್ರಾಯ್ಟಿನಲ್ಲಿ ಒಬ್ಬ ಚೆಂಡನ್ನು ಗೋಡೆ ದಾಟಿಸಿದರೆ ನೆಗೌನಿಯಲ್ಲಿ ಇನ್ನೊಬ್ಬ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ. ಮಂಗಳವಾರದ ಪತ್ರಿಕೆಯಲ್ಲಿ ಎಲ್ಲ ಆಟಗಾರರ ಅಂಕಿಗಳು ಬರುತ್ತಿದ್ದವು. ಅವನ್ನು ಕೂಡಿ, ಭಾಗಿಸಿ, ಯಾರು ಮೇಲೆ ಯಾರು ಕೆಳಗೆ ಎಂದು ಬರೆದು ಬಾರಿನ ಗೋಡೆಗೆ ಅಂಟಿಸುವುದು ಅಧ್ಯಕ್ಷರ ಕೆಲಸ.

ಮೊದಲ ಎರಡು ವರ್ಷ ಅಧ್ಯಕ್ಷರೇ ಇರಲಿಲ್ಲ. ಎರಡನೆಯ ವರ್ಷದ ಆಗಸ್ಟಿನಲ್ಲಿ ಒಬ್ಬರ ಟೋಪಿಯನ್ನು ಇನ್ನೊಬ್ಬರು ಜೀನೋ ಮೀನು ಕರಿಯುವ ಎಣ್ಣೆಗೆ ಹಾಕಿದರು. ಆಮೇಲೆ, ಯಾರ ಕಡೆಗೂ ಸೇರದ ಒಬ್ಬರು ಬೇಕು ಎಂದಾಯಿತು.

"ಆಟವೇ ಇಷ್ಟ ಇಲ್ಲದೋರಾದ್ರೆ ಇನ್ನೂ ವಾಸಿ," ಎಂದ ಜೀನೋ. ಅಷ್ಟು ಹೊತ್ತಿಗೆ ಶುಕ್ರವಾರದ ಮೀನಿನ ಪೊಟ್ಟಣಕ್ಕಾಗಿ ಕಾಯುತ್ತ ಆರ್ಲೀನ್ ಅಲ್ಲಿ ನಿಂತಿದ್ದಳು. ಊರಿನ ಶಾಲಾ ಬಸ್ಸು ಓಡಿಸುವವಳು. ಆ ಎಂಟರಲ್ಲಿ ಐವರು ಚಿಕ್ಕಂದಿನಲ್ಲಿ ಆಕೆಯ ಬಸ್ಸಿನಲ್ಲೇ ಶಾಲೆಗೆ ಹೋದವರು. ಯಾರು ಯಾವ ಸೀಟಿನಲ್ಲಿ ಕೂರುತ್ತಿದ್ದರು, ಯಾರನ್ನು ಯಾಕೆ ಮುಂದಕ್ಕೆ ಕರೆದು ಕೂರಿಸಬೇಕಾಗಿತ್ತು ಎಂಬುದೆಲ್ಲ ಆಕೆಗೆ ನೆನಪಿತ್ತು.

"ನಿಯಮ ಏನಾದ್ರೂ ಇದ್ಯಾ?" ಎಂದು ಕೇಳಿದಳು.

ಜೀನೋ ಕೈ ಒರೆಸುವ ಕಾಗದವೊಂದನ್ನು ತಂದು ತೋರಿಸಿದ. ಅದರ ಮೇಲೆ ಆರು ನಿಯಮಗಳಿದ್ದವು. ಆರನೆಯದು "ಇತ್ಯಾದಿ".

ಆರ್ಲೀನ್ ಅದನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡು ಹೋದಳು. ಮುಂದಿನ ಶುಕ್ರವಾರ ಬಂದಾಗ ಟೈಪು ಮಾಡಿದ ನಾಲ್ಕು ಪುಟ ತಂದಿದ್ದಳು. ಒಂಬತ್ತನೆಯ ವರ್ಷ, ಅಂದರೆ ಸಾವಿರದ ಒಂಬೈನೂರ ತೊಂಬತ್ತೊಂದರ ಹೊತ್ತಿಗೆ ಅದು ನಲವತ್ತೊಂದು ಪುಟವಾಗಿತ್ತು.

ಪ್ರತಿ ನಿಯಮದ ಹಿಂದೆಯೂ ಒಂದು ಜಗಳವಿತ್ತು. ಫೋನೇ ಇಲ್ಲದ ಮೀನುಗಾರಿಕೆ ಗುಡಿಸಲಿಗೆ ಹೋಗಿ ಕೂತವನ ತಂಡವನ್ನು ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಒಂದು. ಭಾವಮೈದುನರಿಬ್ಬರು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಮೇಜಿನಲ್ಲಿ ಮಾಡಿಕೊಂಡ ಅದಲು ಬದಲು ಮುಂದಿನ ವರ್ಷಕ್ಕೆ ನಡೆಯುತ್ತದೆಯೋ ಇಲ್ಲವೋ ಎಂಬುದಕ್ಕೆ ಇನ್ನೊಂದು. ಇಬ್ಬರು ಆಟಗಾರರಿಗೆ ಒಂದೇ ಹೆಸರಿದ್ದರೆ, ಹಂಚಿಕೆಯ ದಿನ ಬರೀ ಹೆಸರು ಕೂಗಿದವನಿಗೆ ಅವರಲ್ಲಿ ಕೈಲಾಗದವನೇ ಸಿಗತಕ್ಕದ್ದು ಎಂದು ಮತ್ತೊಂದು. ಆರ್ಲೀನ್ ಗ್ರಂಥಾಲಯದ ಯಂತ್ರದಲ್ಲಿ ಎಂಟು ಪ್ರತಿ ತೆಗೆಸಿ, ಕಂದು ಲಕೋಟೆಗಳಲ್ಲಿ ಹಾಕಿ, ಪ್ರತಿ ಮಾರ್ಚಿನಲ್ಲೂ ತಪ್ಪದೆ ಹಂಚುತ್ತಿದ್ದಳು.

ಯಾರೂ ಓದುತ್ತಿರಲಿಲ್ಲ. ನಲ್ಲಿ ಕೆಲಸದ ಡ್ವೇನ್ ಟ್ರೆಂಬತ್‌ನ ಲಕೋಟೆ ಅವನ ವ್ಯಾನಿನ ಗಾಜಿನ ಹಿಂದೆ ಬಿದ್ದು, ಬಿಸಿಲಿಗೆ ಬಣ್ಣ ಕಳೆದುಕೊಂಡು, ಒಡೆಯದೆಯೇ ಮುಂದಿನ ಮಾರ್ಚ್ ಕಾಣುತ್ತಿತ್ತು. ಜೀನೋ ಒಡೆಯುತ್ತಿದ್ದ. ಹಾಳೆಗಳ ಹಿಂಬದಿ ಖಾಲಿ ಇರುತ್ತಿದ್ದುದರಿಂದ ಯಾವ ಮೇಜಿಗೆ ಎಷ್ಟು ಮೀನು ಎಂದು ಬರೆದುಕೊಳ್ಳಲು ಅವನಿಗೆ ಅನುಕೂಲವಾಗುತ್ತಿತ್ತು. ಏನೇ ತಕರಾರು ಬಂದರೂ ಅವರು ಆರ್ಲೀನಳನ್ನು ಕೇಳುತ್ತಿದ್ದರು, ಆಕೆ ಪುಟದ ಸಂಖ್ಯೆ ಹೇಳಿ ತೀರ್ಪು ಕೊಡುತ್ತಿದ್ದಳು, ಅವರು ಪುಟ ತೆಗೆಯದೆಯೇ ಒಪ್ಪಿಕೊಳ್ಳುತ್ತಿದ್ದರು. ಇದೆಲ್ಲ ಆಕೆಗೆ ಗೊತ್ತಿತ್ತು. ಬಸ್ಸು ಓಡಿಸುವವರು ಹಿಂದೆ ಕೂತವರಿಂದ ಮೆಚ್ಚುಗೆ ನಿರೀಕ್ಷಿಸುವುದಿಲ್ಲ.

ಆ ವರ್ಷ ಜುಲೈ ಎರಡನೆಯ ವಾರ ಆಟದ ಋತು ಅರ್ಧಕ್ಕೆ ಬಂದಾಗಿನ ಪಟ್ಟಿ ಗೋಡೆಗೆ ಬಂತು. ಮಾರನೆಯ ಬೆಳಿಗ್ಗೆಯೇ ಡ್ವೇನ್ ಆರ್ಲೀನಳ ಮನೆಯ ಹಿಂಬಾಗಿಲು ಬಡಿದ. ಮೂವತ್ತೆಂಟು ವರ್ಷದ ಆಳು, ಹಿಂದಿನ ಎರಡು ವರ್ಷವೂ ಗೆದ್ದವನು. ಆದರೂ ಆಕೆಯ ಮುಂದೆ ಬಂದಾಗ ಟೋಪಿ ತಾನಾಗಿ ಕೈಗೆ ಬರುತ್ತಿತ್ತು.

"ಮಿಸೆಸ್ ಪೆಲ್ಟೊ, ಆ ವೈಕೊ ಮೋಸ ಮಾಡ್ತಿದಾನೆ!"

"ಕಾಲು ಒರೆಸ್ಕೊಂಡು ಒಳಗೆ ಬಾ."

ವೈಕೊ ಸಾರಿ ಅದಿರಿನ ರೈಲುಮಾರ್ಗದಲ್ಲಿ ಮೂವತ್ತೈದು ವರ್ಷ ಸಿಗ್ನಲ್ ನೋಡಿಕೊಂಡು ನಿವೃತ್ತನಾದವನು. ಮಾತು ಕಡಿಮೆ. ಅವನ ತಂಡದ ಹೆಸರು "ತಂಡ ಆರು". ಎಲ್ಲರೂ ತಂತಮ್ಮ ತಂಡಗಳಿಗೆ ಸಿಡಿಲು, ಕರಡಿ ಎಂದೆಲ್ಲ ಹೆಸರಿಟ್ಟಾಗ ಅವನು ಅರ್ಜಿಯಲ್ಲಿ ಮೊದಲೇ ಅಚ್ಚಾಗಿದ್ದುದನ್ನು ಹಾಗೆಯೇ ಬಿಟ್ಟಿದ್ದ. ಪ್ರತಿ ವರ್ಷ ಏಳನೆಯವನೋ ಎಂಟನೆಯವನೋ ಆಗುತ್ತಿದ್ದ. ಈಗ ನೋಡಿದರೆ ಮೊದಲನೆಯವನು.

"ಅವನ ತಂಡದಲ್ಲಿ ಒಬ್ಬನೇ ಒಬ್ಬ ಸರಿಯಾದ ಎಸೆತಗಾರ ಇಲ್ಲ," ಎಂದ ಡ್ವೇನ್.

"ಹಂಗಾದ್ರೆ ನಿಂಗೆ ಒಳ್ಳೇದೇ ಆಯ್ತಲ್ಲ."

"ಅಯ್ಯೋ, ಅದೇ ಕಣ್ರೀ ಮೋಸ!"

ಡ್ವೇನ್ ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ ಇಟ್ಟುಕೊಂಡು ವಿವರಿಸಿದ. ಲೀಗಿನಲ್ಲಿ ಬ್ಯಾಟರುಗಳಿಗೆ ನಾಲ್ಕು ಲೆಕ್ಕ, ಎಸೆತಗಾರರಿಗೆ ನಾಲ್ಕು: ಎಷ್ಟು ಪಂದ್ಯ ಗೆದ್ದರು, ಎಷ್ಟು ಪಂದ್ಯವನ್ನು ಕೊನೆಯಲ್ಲಿ ಕೈತಪ್ಪದಂತೆ ಉಳಿಸಿದರು, ಸರಾಸರಿ ಎಷ್ಟು ಓಟ ಬಿಟ್ಟುಕೊಟ್ಟರು, ಸರಾಸರಿ ಎಷ್ಟು ಬ್ಯಾಟರುಗಳನ್ನು ಔಟಾಗದೆ ಓಡಲು ಬಿಟ್ಟರು. ಒಂದೊಂದು ಲೆಕ್ಕದಲ್ಲೂ ಮೊದಲು ಬಂದವನಿಗೆ ಎಂಟು ಅಂಕ, ಕೊನೆಯವನಿಗೆ ಒಂದು, ಸಮ ಬಂದವರಿಗೆ ಅಂಕದಲ್ಲಿ ಪಾಲು. ಪಂದ್ಯ ಶುರು ಮಾಡುವ ಎಸೆತಗಾರರು ಆರೇಳು ಇನಿಂಗ್ಸ್ ಎಸೆದು ಗೆಲುವು ತರುತ್ತಾರೆ, ಜೊತೆಗೆ ಏಟೂ ತಿನ್ನುತ್ತಾರೆ. ಕೊನೆಗೆ ಬರುವವರು ಒಂದೇ ಇನಿಂಗ್ಸ್ ಎಸೆದು, ಪಂದ್ಯ ಉಳಿಸಿ, ಬಟ್ಟೆ ಕೊಳೆಯಾಗದಂತೆ ಮನೆಗೆ ಹೋಗುತ್ತಾರೆ. ಎಲ್ಲರೂ ಹಂಚಿಕೆಯಲ್ಲಿ ಶುರು ಮಾಡುವವರಿಗಾಗಿ ಕಿತ್ತಾಡಿದ್ದರು. ವೈಕೊ ತನ್ನ ಮೊದಲ ಸರದಿಗಳನ್ನೆಲ್ಲ ಒಳ್ಳೊಳ್ಳೆ ಬ್ಯಾಟರುಗಳಿಗೆ ಬಳಸಿ, ಒಂಬತ್ತು ಎಸೆತಗಾರರ ಜಾಗಕ್ಕೂ ಕೊನೆಗೆ ಬರುವವರನ್ನೇ ತುಂಬಿಕೊಂಡಿದ್ದ. ಗೆಲುವಿನ ಲೆಕ್ಕದಲ್ಲಿ ಅವನಿಗೆ ಕೊನೆಯ ಸ್ಥಾನ. ಉಳಿದ ಮೂರರಲ್ಲೂ ಮೊದಲನೆಯದು.

"ಇಷ್ಟು ಇನಿಂಗ್ಸ್ ಎಸೀಲೇಬೇಕು ಅಂತ ನಿಯಮ ಇರ್ಬೇಕಲ್ಲ?"

ಆರ್ಲೀನಳಿಗೆ ಪುಸ್ತಕ ಬಾಯಿಪಾಠ. "ಬ್ಯಾಟ್ ಮಾಡೋರಿಗೆ ಇದೆ. ಪುಟ ಹದಿನೇಳು. ಎಸೆಯೋರಿಗೆ ಇಲ್ಲ."

"ಯಾಕಿಲ್ಲ?"

"ಅದರ ಬಗ್ಗೆ ನೀವ್ಯಾರೂ ಇದುವರೆಗೆ ಜಗಳ ಆಡಿರಲಿಲ್ಲ."

"ಹಂಗಾದ್ರೆ ಈಗ ಸೇರ್ಸಿ!"

"ಮೂವತ್ತೊಂದನೇ ನಿಯಮ. ಆಟ ಶುರುವಾದ್ಮೇಲೆ ಒಂದಕ್ಷರವೂ ಬದಲಾಯಿಸೋ ಹಾಗಿಲ್ಲ. ಅದು ಬಂದದ್ದೇ ನಿನ್ನಿಂದ, ಎಂಬತ್ತೈದರಲ್ಲಿ."

ಡ್ವೇನ್ ಉಪ್ಪಿನ ಡಬ್ಬಿಯನ್ನು ಮೊದಲಿದ್ದ ಜಾಗಕ್ಕೆ ಇಟ್ಟು ಹೋದ. ಮೂರು ದಿನದ ನಂತರ ಅಂಚೆಯಲ್ಲಿ ಅರ್ಜಿ ಬಂತು. ಆರು ಸಹಿ, ಏಳನೆಯವನು ಮೀನು ಹಿಡಿಯಲು ಹೋಗಿದ್ದ. ನಾಲ್ಕನೆಯ ನಿಯಮವನ್ನು ಮುರಿದಿರುವ ಕಾರಣ ತಂಡ ಆರನ್ನು ಈ ವರ್ಷದ ಲೆಕ್ಕದಿಂದ ತೆಗೆಯಬೇಕು ಎಂದು ಕೋರಿಕೆ.

ನಾಲ್ಕನೆಯ ನಿಯಮ ಹೀಗಿತ್ತು: "ಎಲ್ಲರೂ ಒಳ್ಳೆಯ ಮನಸ್ಸಿನಿಂದ ಆಡತಕ್ಕದ್ದು." ಮೂರಕ್ಕೂ ಐದಕ್ಕೂ ನಡುವೆ ಕೊಂಚ ಮೆತ್ತಗಿನದೊಂದು ಇರಲಿ ಎಂದು ಆರ್ಲೀನ್ ಮೊದಲ ವಾರ ಬರೆದದ್ದು. ಅದನ್ನು ಯಾರಾದರೂ ಕೈಗೆತ್ತಿಕೊಂಡು ಬೀಸಬಹುದು ಎಂದು ಆಕೆಗೆ ಹೊಳೆದಿರಲಿಲ್ಲ. ಆರ್ಲೀನ್ ಆ ಮಧ್ಯಾಹ್ನವೆಲ್ಲ ಸ್ಟ್ರಾಬೆರಿ ತೊಟ್ಟು ಬಿಡಿಸುತ್ತ ಯೋಚಿಸಿದಳು. ದೂರು ಬಂದವನನ್ನು ಅವನ ಮುಖ ನೋಡಿ ವಿಚಾರಿಸದೆ ತೀರ್ಪು ಕೊಡಕೂಡದು ಎಂದು ಇಪ್ಪತ್ತೆಂಟನೆಯ ನಿಯಮ ಹೇಳುತ್ತಿತ್ತು. ಸಂಜೆ ನಾಲ್ಕಕ್ಕೆ ವೈಕೊನ ಮನೆಗೆ ಹೋದಳು.

ವೈಕೊ ಕಾಫಿ ಇಟ್ಟ. ಅವನ ತಂಗಿ ಮಾಡಿ ಕಳಿಸಿದ ಏಲಕ್ಕಿ ಬ್ರೆಡ್ಡನ್ನು ಒಂದೇ ದಪ್ಪಕ್ಕೆ ಕೊಯ್ದು ತಟ್ಟೆಯಲ್ಲಿ ಜೋಡಿಸಿದ. ಅಡುಗೆಮನೆಯ ಗೋಡೆಗೆ ಒಂದು ಸಣ್ಣ ಕಪಾಟು. ಅದರಲ್ಲಿ ರೈಲ್ವೆಯ ನಿಯಮ ಪುಸ್ತಕಗಳು ವರ್ಷದ ಪ್ರಕಾರ ನಿಂತಿದ್ದವು. ಅವುಗಳ ಪಕ್ಕದಲ್ಲಿ ಲೀಗಿನ ಒಂಬತ್ತು ವರ್ಷದ ಒಂಬತ್ತು ಪ್ರತಿಗಳು, ಅವೂ ವರ್ಷದ ಪ್ರಕಾರವೇ, ಬೆನ್ನಿಗೆ ದಾರ ಹೊಲಿದುಕೊಂಡು ನಿಂತಿದ್ದವು.

ಆರ್ಲೀನ್ ಆ ಕಡೆ ನೋಡಿದಳು, ಆಮೇಲೆ ಬ್ರೆಡ್ಡನ್ನು ನೋಡಿದಳು, ಮತ್ತೆ ಆ ಕಡೆ ನೋಡಿದಳು.

"ಓದಿದೀರಾ?"

"ಪ್ರತಿ ಮಾರ್ಚಲ್ಲಿ. ಎರಡು ಸಲ." ವೈಕೊ ಈ ವರ್ಷದ್ದನ್ನು ಇಳಿಸಿ ಮೇಜಿನ ಮೇಲಿಟ್ಟ. ಅಂಚಿನಲ್ಲೆಲ್ಲ ಪೆನ್ಸಿಲಿನ ಸಣ್ಣ ಗುರುತುಗಳು. "ಹದಿನೇಳನೇ ಪುಟ ನಂಗೆ ಎಂಬತ್ತೇಳರಲ್ಲೇ ಕಾಣಿಸ್ತು."

"ಮತ್ತೆ ನಾಲ್ಕು ವರ್ಷ ಸುಮ್ನಿದ್ರಲ್ಲ?"

"ಮುಂದಿನ ಸಲ ಸೇರಿಸ್ತೀರೇನೋ ಅಂತ ಕಾದೆ. ಸೇರಿಸ್ಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಹಂಗಾದ್ರೆ ಬೇಕು ಅಂತಲೇ ಬಿಟ್ಟಿದಾರೆ, ಯಾರಾದ್ರೂ ನೋಡ್ಲಿ ಅಂತ, ಅಂದ್ಕೊಂಡೆ."

ಆರ್ಲೀನ್ ಬೇಕೆಂದು ಬಿಟ್ಟಿರಲಿಲ್ಲ. ಅದನ್ನು ಹೇಳಿಬಿಡೋಣ ಎಂದು ಬಾಯಿ ತೆರೆದು, ಕಾಫಿ ಕುಡಿದಳು.

"ಹತ್ತೊಂಬತ್ತನೇ ನಿಯಮ ತುಂಬ ಚೆನ್ನಾಗಿದೆ," ಎಂದ ವೈಕೊ, ಪುಟ ಮಗುಚುತ್ತ.

"ಹತ್ತೊಂಬತ್ತಾ?"

"ಆಟಗಾರ ತೀರ್ಕೊಂಡ್ರೆ ಏನ್ಮಾಡ್ಬೇಕು ಅನ್ನೋದು. ಎರಡೇ ಸಾಲು. ಬೇರೆಯವನನ್ನ ತಗೋಬಹುದು ಅಂತ ಒಂದು ಸಾಲು. ಅಷ್ಟಕ್ಕೇ ನಿಲ್ಲಿಸ್ಬಹುದಿತ್ತು. ನೀವು, 'ಆ ಒಂದು ವಾರ ಮಾತ್ರ ಆ ಜಾಗ ಖಾಲಿ ಇರತಕ್ಕದ್ದು' ಅಂತಲೂ ಬರೆದಿದೀರಿ."

ಅದು ಆಕೆಯ ಗಂಡ ಉರ್ಹೊ ತೀರಿಕೊಂಡ ವರ್ಷ ಬರೆದದ್ದು. ಏಳು ವರ್ಷದಲ್ಲಿ ಲೀಗಿಗೆ ಆ ನಿಯಮದ ಅಗತ್ಯ ಒಮ್ಮೆಯೂ ಬಿದ್ದಿರಲಿಲ್ಲ. ಆರ್ಲೀನ್ ತಟ್ಟೆಯಿಂದ ಇನ್ನೊಂದು ಚೂರು ಬ್ರೆಡ್ಡು ತೆಗೆದುಕೊಂಡು, ತಿನ್ನದೆ ಕೈಯಲ್ಲೇ ಹಿಡಿದು ಕೂತಳು.

"ಒಂಬತ್ತಕ್ಕೂ ಇಪ್ಪತ್ತೆರಡಕ್ಕೂ ಮಾತ್ರ ಹೊಂದಿಕೆ ಇಲ್ಲ," ಎಂದು ವೈಕೊ ಮುಂದುವರಿಸಿದ. ವಾರಕ್ಕೆ ಇಬ್ಬರು ಹೊಸ ಆಟಗಾರರನ್ನು ಮಾತ್ರ ತೆಗೆದುಕೊಳ್ಳಬಹುದು ಎಂಬುದು ನಿಯಮ. ಆದರೆ ಒಂಬತ್ತನೆಯ ನಿಯಮದಲ್ಲಿ ವಾರ ಶುರುವಾಗುವುದು ಭಾನುವಾರ. ಎರಡು ವರ್ಷ ಬಿಟ್ಟು ಬರೆದ ಇಪ್ಪತ್ತೆರಡರಲ್ಲಿ ಅದೇ ವಾರ ಮುಗಿಯುವುದು ಭಾನುವಾರ. "ಅಂದ್ರೆ ಭಾನುವಾರ ಎರಡು ವಾರಕ್ಕೂ ಸೇರುತ್ತೆ. ಅವತ್ತೊಂದೇ ದಿನ ನಾಲ್ಕು ಜನರನ್ನ ತಗೋಬಹುದು."

ಆರ್ಲೀನ್ ಎರಡೂ ಪುಟ ತೆಗೆದು ನೋಡಿದಳು. ಇಪ್ಪತ್ತೇಳು ವರ್ಷದಲ್ಲಿ ಆಕೆಯ ಬಸ್ಸು ಒಮ್ಮೆಯೂ ನಿಲ್ದಾಣ ತಪ್ಪಿಸಿರಲಿಲ್ಲ.

"ಇದನ್ಯಾಕೆ ನೀವು ಉಪಯೋಗಿಸ್ಕೊಳ್ಲಿಲ್ಲ?"

"ಹದಿನೇಳನೇ ಪುಟದ್ದು ಖಾಲಿ ಬಿಟ್ಟ ಜಾಗ. ಅಲ್ಲಿ ಓಡಾಡ್ಬಹುದು. ಇದು ತಪ್ಪು. ತಪ್ಪನ್ನ ಮೊದಲು ಹೇಳ್ಬೇಕು. ರೈಲಲ್ಲೂ ಹಂಗೇ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

ವೈಕೊ ಆಕೆಯ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದ. "ನೀವು ಇವತ್ತು ತಾನೇ ಬಂದದ್ದು."

ಹೊರಡುವ ಮೊದಲು ಆರ್ಲೀನ್ ನೋಟುಪುಸ್ತಕ ತೆಗೆದು, ಎದ್ದು ನಿಂತು, ವಿಧಿವತ್ತಾಗಿ ಕೇಳಿದಳು: "ಒಳ್ಳೆ ಮನಸ್ಸಿಂದ ಆಡ್ತಿದೀರಾ?"

ವೈಕೊ ಈ ವರ್ಷದ ಪ್ರತಿಯನ್ನು ಕಪಾಟಿನಲ್ಲಿ ಅದರ ಜಾಗಕ್ಕೆ ಇಟ್ಟ. "ಹೌದು," ಎಂದ. "ಇಷ್ಟು ಒಳ್ಳೆ ಮನಸ್ಸಿಂದ ಯಾವತ್ತೂ ಆಡಿರ್ಲಿಲ್ಲ."

ಆಕೆ ಅದನ್ನು ಹಾಗೆಯೇ ಬರೆದುಕೊಂಡಳು.

ಗುರುವಾರ ಸಂಜೆ ಐದಕ್ಕೆ ಜೀನೋನ ಬಾರಿನಲ್ಲಿ ಎಲ್ಲರೂ ಸೇರಿದರು. ಮೀನಿಗೆ ಹೋದವನೂ ವಾಪಸು ಬಂದಿದ್ದ. ಆರ್ಲೀನ್ ತೀರ್ಪು ಓದಿದಳು. ತಂಡ ಆರು ಯಾವ ನಿಯಮವನ್ನೂ ಮುರಿದಿಲ್ಲ, ಅರ್ಜಿ ವಜಾ.

"ಇದು ಬೇಸ್‌ಬಾಲೇ ಅಲ್ಲ ಮಿಸೆಸ್ ಪೆಲ್ಟೊ!" ಎಂದು ಡ್ವೇನ್ ಮೇಜು ಗುದ್ದಿದ. "ನಿಮಗೆ ಆಟ ಗೊತ್ತಿಲ್ಲ, ಅದಕ್ಕೇ ಹಿಂಗಂತೀರಿ."

"ಆಟ ಗೊತ್ತಿಲ್ಲ ಅಂತಲೇ ನನ್ನ ಕೂರ್ಸಿದ್ದು. ಗೊತ್ತಿರೋರೆಲ್ಲ ಸೇರಿ ಟೋಪಿ ಕರಿದಿದ್ರಿ."

"ಆ ಟೋಪಿ ವಿಷಯ ಈಗ್ಯಾಕೆ?" ಎಂದು ಜೀನೋ ಅತ್ತ ತಿರುಗಿದ. ಟೋಪಿ ಅವನದು.

"ಎಲ್ರೂ ವೈಕೊ ಹಂಗೇ ಮಾಡಿದ್ರೆ ಏನಾಗುತ್ತೆ?" ಎಂದು ಇನ್ನೊಬ್ಬ ಕೇಳಿದ.

"ಮಾಡಿ ನೋಡಿ," ಎಂದಳು ಆರ್ಲೀನ್. "ಪುಟ ಹದಿನೇಳು ಎಲ್ರಿಗೂ ಒಂದೇ."

ಆ ಮಾತಿಗೆ ಗದ್ದಲ ಎದ್ದಿತು. ಗದ್ದಲದ ನಡುವೆಯೇ ಆಕೆ ಎರಡನೆಯ ಕಾಗದವನ್ನೂ ಓದಿದಳು: ಒಂಬತ್ತು ಮತ್ತು ಇಪ್ಪತ್ತೆರಡನೆಯ ನಿಯಮಗಳು ಒಂದಕ್ಕೊಂದು ವಿರುದ್ಧವಾಗಿವೆ, ತಪ್ಪು ಅಧ್ಯಕ್ಷರದು, ಋತುವಿನ ನಡುವೆ ಎರಡರಲ್ಲಿ ಯಾವುದನ್ನೂ ಅಳಿಸುವ ಹಾಗಿಲ್ಲದ ಕಾರಣ ಈ ವರ್ಷ ಮುಗಿಯುವವರೆಗೆ ಭಾನುವಾರ ಎರಡೂ ವಾರಗಳಿಗೆ ಸೇರತಕ್ಕದ್ದು. ಯಾರೂ ತಲೆಯೆತ್ತಲಿಲ್ಲ. ಆಕೆ ಅದರ ಒಂದು ಪ್ರತಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿಟ್ಟ ಮೊಟ್ಟೆಗಳ ಜಾಡಿಯ ಮೇಲುಗಡೆ ಗೋಡೆಗೆ ಅಂಟಿಸಿದಳು. ಎಂಟು ಪ್ರತಿಗಳನ್ನು ಅಂಚೆಗೆ ಹಾಕಿದಳು.

ಆಗಸ್ಟಿನಲ್ಲಿ ಆರು ಜನ ವೈಕೊನ ದಾರಿ ಹಿಡಿದರು. ಶುರು ಮಾಡುವ ಎಸೆತಗಾರರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಕೊನೆಗೆ ಬರುವವರನ್ನು ಹುಡುಕಲು ಹೊರಟರು. ಆದರೆ ಪಂದ್ಯ ಉಳಿಸಿ ಕೊಡುವಂಥವನು ಒಂದೊಂದು ತಂಡದಲ್ಲಿ ಒಬ್ಬನೇ ಇರುತ್ತಾನೆ. ಅವರಲ್ಲಿ ಉತ್ತಮರೆಲ್ಲ ಆಗಲೇ ಹಂಚಿಹೋಗಿದ್ದರು. ಇವರಿಗೆ ಸಿಕ್ಕಿದ್ದು ಸೋತ ಪಂದ್ಯದಲ್ಲಿ ಹೊತ್ತು ಕಳೆಯಲು ಬರುವವರು. ಡ್ವೇನ್ ಒಬ್ಬ ಮಾತ್ರ ಕದಲಲಿಲ್ಲ. "ಅವನು ಮಾಡಿದ್ದನ್ನ ನಾನು ಸತ್ರೂ ಮಾಡಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ತನ್ನ ಎಸೆತಗಾರರನ್ನು ಹಾಗೆಯೇ ಇಟ್ಟುಕೊಂಡ.

ಭಾನುವಾರ ಚರ್ಚಿನಿಂದ ಬಂದು ಆರ್ಲೀನ್ ಕೋಟು ತೆಗೆಯುವ ಹೊತ್ತಿಗೆ ಸರಿಯಾಗಿ ಫೋನು ಬಡಿಯುತ್ತಿತ್ತು.

"ವೈಕೊ. ನಾಲ್ಕು ಜನ ಬೇಕಿತ್ತು."

ಹೆಸರುಗಳನ್ನು ಬರೆದುಕೊಳ್ಳುವಾಗ ಆಕೆಗೆ ಗೊತ್ತಾಯಿತು: ಆ ನಾಲ್ವರೂ ಹಿಂದಿನ ವಾರ ಬೇರೆಯವರು ಕೈಬಿಟ್ಟ, ಪಂದ್ಯ ಶುರು ಮಾಡುವ ಎಸೆತಗಾರರು. ಎಲ್ಲರೂ ಒಂದು ಕಡೆ ಓಡಿದಾಗ ವೈಕೊ ಅವರು ಬಿಟ್ಟುಹೋದ ಕಡೆಗೆ ನಡೆದುಕೊಂಡು ಬಂದಿದ್ದ. ಮೂರು ವಾರದಲ್ಲಿ ಅವನು ಗೆಲುವಿನ ಲೆಕ್ಕದಲ್ಲೂ ಕೊನೆಯಿಂದ ನಾಲ್ಕನೆಯ ಸ್ಥಾನಕ್ಕೆ ಏರಿದ. ಆಟದಲ್ಲಿ ಇಂಥದ್ದೂ ಒಂದು ಇದೆ ಎಂದು ಆರ್ಲೀನಳಿಗೆ ಅರಿವಾದದ್ದು ಆಗ, ಅಡುಗೆಮನೆಯಲ್ಲಿ, ಒಂದು ಕೈ ಕೋಟಿನೊಳಗೇ ಇದ್ದಾಗ.

"ಒಂದೇ ದಿನ ನಾಲ್ಕು ಜನ ಹೆಂಗೆ ತಗೊಂಡ ಅವನು?" ಎಂದು ಜೀನೋ ಗೋಡೆಯ ಪಟ್ಟಿ ನೋಡಿ ಕೂಗಿದ. "ಯಾವಾಗ ಹೇಳಿದ್ರಿ ನಮಗೆ ಇದನ್ನ?"

"ನಿನ್ನ ಮೊಟ್ಟೆ ಜಾಡಿ ಮೇಲೇ ಇದೆಯಲ್ಲ ಮಾರಾಯ."

ಜೀನೋ ಹೋಗಿ ಓದಿದ. ಓದಿ ಮುಗಿಸುವ ಹೊತ್ತಿಗೆ ಭಾನುವಾರ ಮುಗಿದು ಎರಡು ದಿನವಾಗಿತ್ತು.

ಅಕ್ಟೋಬರಿನಲ್ಲಿ ಕೊನೆಯ ಅಂಕಿಗಳು ಬಂದಾಗ ಆರ್ಲೀನ್ ಮೂರು ಸಲ ಕೂಡಿದಳು. ಮೂರು ಸಲವೂ ಅಷ್ಟೇ ಬಂತು. ಡ್ವೇನ್ ನಲವತ್ತೇಳೂವರೆ ಅಂಕ, ವೈಕೊ ನಲವತ್ತೇಳು. ಉಳಿದವರೆಲ್ಲ ತಮ್ಮ ಎಸೆತಗಾರರನ್ನು ಬಿಟ್ಟು ಗೆಲುವಿನ ಲೆಕ್ಕದಲ್ಲಿ ಕುಸಿದಿದ್ದರಿಂದ, ಹಟಕ್ಕೆ ಬಿದ್ದು ಬಿಡದೆ ಉಳಿದ ಡ್ವೇನ್ ಮೇಲಕ್ಕೆ ಬಂದಿದ್ದ. ನಾಲ್ಕನೆಯ ಸಲ ಕೂಡಲು ಪೆನ್ಸಿಲು ಚೂಪು ಮಾಡುತ್ತಿದ್ದಾಗ ಆಕೆಗೆ ತಾನು ಏನು ಮಾಡುತ್ತಿದ್ದೇನೆ ಎಂಬುದು ಹೊಳೆಯಿತು. ಯಾರೋ ಒಬ್ಬರು ಗೆಲ್ಲಲಿ ಎಂದು ಒಂಬತ್ತು ವರ್ಷದಲ್ಲಿ ಮೊದಲ ಸಲ ಅನ್ನಿಸಿತ್ತು. ಗಾಬರಿಯಾಗಿ ಪುಸ್ತಕ ತೆಗೆದು ಎರಡನೆಯ ನಿಯಮ ನೋಡಿದಳು. "ಅಧ್ಯಕ್ಷರು ಯಾರ ಪರವಾಗಿಯೂ ವರ್ತಿಸತಕ್ಕದ್ದಲ್ಲ" ಎಂದಿತ್ತು. ವರ್ತಿಸಿರಲಿಲ್ಲ. ಬಯಸುವುದರ ಬಗ್ಗೆ ಅಲ್ಲಿ ಏನೂ ಇರಲಿಲ್ಲ. ಪೆನ್ಸಿಲು ಕೆಳಗಿಟ್ಟು, ಪಟ್ಟಿಯನ್ನು ಟೈಪು ಮಾಡಿದಳು.

ಬಾರಿನಲ್ಲಿ ಫಲಿತಾಂಶ ಓದಿದಾಗ ಡ್ವೇನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮಿಸೆಸ್ ಪೆಲ್ಟೊ, ಈ ವರ್ಷದ್ದು ಬೇಸ್‌ಬಾಲೇ ಅಲ್ಲ ಅಂದಿದ್ನಲ್ಲ," ಎಂದ.

"ಅಂದಿದ್ದೆ. ಬರ್ಕೊಂಡಿದೀನಿ."

"ಅದನ್ನ ಹೊಡೆದುಹಾಕಿ."

ವೈಕೊ ಅವನ ಕೈ ಕುಲುಕಿ, ಅರ್ಧ ಅಂಕ ಎಲ್ಲಿ ಹೋಯಿತೆಂಬುದು ತನಗೆ ಗೊತ್ತು, ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ತಂಗಿಯ ಮನೆಗೆ ಹೋಗಿ ಫೋನು ಮಾಡಿರಲಿಲ್ಲ ಎಂದಷ್ಟೇ ಹೇಳಿದ.

ಆ ಚಳಿಗಾಲವಿಡೀ ಬುಧವಾರ ಬುಧವಾರ ಆರ್ಲೀನ್ ಮತ್ತು ವೈಕೊ ಅವನ ಅಡುಗೆಮನೆಯಲ್ಲಿ ಕೂತು ಪುಸ್ತಕವನ್ನು ತಿದ್ದಿದರು. ಎಸೆತಗಾರರಿಗೆ ಕನಿಷ್ಠ ಇನಿಂಗ್ಸ್ ಇಷ್ಟು ಎಂದು ಸೇರಿತು. ವಾರ ಸೋಮವಾರಕ್ಕೆ ನಿಂತಿತು. ನಾಲ್ಕನೆಯ ನಿಯಮವನ್ನು ತೆಗೆಯಬೇಕೆಂದು ಆರ್ಲೀನ್, ಇರಲಿ ಎಂದು ವೈಕೊ, ಎರಡು ಬುಧವಾರ ವಾದ ಮಾಡಿದರು, ಅದು ಉಳಿಯಿತು. ಬೇಡದ್ದೆಲ್ಲ ಹೋಗಿ ಪುಸ್ತಕ ಮೂವತ್ತೆಂಟು ಪುಟಕ್ಕೆ ಇಳಿಯಿತು.

ಮಾರ್ಚಿನ ಹಂಚಿಕೆಗೆ ಎಂಟೂ ಜನ ಪುಸ್ತಕ ಓದಿಕೊಂಡು ಬಂದಿದ್ದರು. ಡ್ವೇನ್ ಹಾಳೆಗಳ ನಡುವೆ ಬಣ್ಣಬಣ್ಣದ ಚೀಟಿ ಸಿಕ್ಕಿಸಿಕೊಂಡಿದ್ದ. ಪ್ರತಿ ಹೆಸರಿಗೂ ಯಾರಾದರೊಬ್ಬರು ಎದ್ದು ಪುಟದ ಸಂಖ್ಯೆ ಹೇಳುತ್ತಿದ್ದರು. ನಾಲ್ಕು ಗಂಟೆಯಲ್ಲಿ ಮುಗಿಯುತ್ತಿದ್ದ ಹಂಚಿಕೆ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿ ಸಂಜೆ ಆರಕ್ಕೆ ಮುಗಿಯಿತು. ಆರ್ಲೀನಳ ಕಾಲು ಊದಿಕೊಂಡಿತು. ಅಷ್ಟು ಸಂತೋಷದ ದಿನವನ್ನು ಆಕೆ ಇತ್ತೀಚಿನ ವರ್ಷಗಳಲ್ಲಿ ಕಂಡಿರಲಿಲ್ಲ.

ಆ ವರ್ಷ ವೈಕೊ ಎಲ್ಲರಂತೆ ತಂಡ ಕಟ್ಟಿ, ಎಲ್ಲರಂತೆ ಆಡಿ, ಆರನೆಯವನಾದ. ಋತು ಮುಗಿದ ಮೇಲೆ ಒಂದು ಬುಧವಾರ ಆರ್ಲೀನ್ ಕೇಳಿದಳು:

"ಈ ಸಲ ಏನೂ ಮಾಡ್ಲೇ ಇಲ್ಲವಲ್ಲ?"

"ಮಾಡೋಕೆ ಜಾಗ ಎಲ್ಲಿತ್ತು? ನಾವೇ ಮುಚ್ಚಿದ್ವಲ್ಲ."

"ಬೇಜಾರಾ?"

"ಇಲ್ಲಪ್ಪ," ಎಂದು ವೈಕೊ ಬ್ರೆಡ್ಡು ಕೊಯ್ಯತೊಡಗಿದ. "ಮೂವತ್ತನೇ ಪುಟ ಬಹಳ ಚೆನ್ನಾಗಿ ಬಂದಿದೆ."

ಆರ್ಲೀನ್ ಮೂವತ್ತನೆಯ ಪುಟ ತೆಗೆದು, ಕನ್ನಡಕ ಹಾಕಿಕೊಂಡು, ಮೇಲಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದಳು. ಅವನು ಹೇಳಿದ್ದು ನಿಜವಾಗಿತ್ತು.